‘ಬರ್ರಿ’ ಎನ್ನುವ ತನಕ

ಖಾದರ್ ಸಾಹೇಬರು ಸ್ವಂತ ಮನೆಗೆ ಬಂದರೂ ಹೊಸ್ತಿಲ ಹೊರಗೆ ನಿಂತು, “ಬರ್ಲೇನು?” ಎಂದು ಕೇಳುತ್ತಿದ್ದರು. ಒಳಗಿನಿಂದ ದನಿ ಬಾರದಿದ್ದರೆ ಬಿಸಿಲಲ್ಲೇ ನಿಂತಿರುತ್ತಿದ್ದರು. ಅವರ ಬೇಗಂ ಅಡುಗೆಮನೆಯಿಂದ ರೇಗುವುದನ್ನು ನಾನೇ ಕೇಳಿದ್ದೇನೆ: “ನಿಮ್ಮದೇ ಮನಿ ಅದಲ್ರಿ! ಬರ್ರಿ ಒಳಗ!”

ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ಕಲಿಸಿದ “ಮೇ ಐ ಕಮ್ ಇನ್, ಸರ್?” ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಆದರೆ ಕೇಳಿ ಮುಗಿಯುವಷ್ಟರಲ್ಲಿ ಅರ್ಧ ಒಳಗೆ ಬಂದಿರುತ್ತಿದ್ದೆ. ವಾಡಿ ಕಡೆಯ ಒಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ ಟೈಪಿಸ್ಟ್ ಆಗಿ ಸೇರಿದ ಮೊದಲ ದಿನವೇ, ಎಂಜಿನಿಯರ್ ಆಗಿದ್ದ ಸಾಹೇಬರು ನನ್ನನ್ನು ಬಾಗಿಲಿಗೆ ವಾಪಸ್ ಕಳಿಸಿದರು. “ಕೇಳಿದ್ರಿ, ಬರೋಬರಿ. ನಾ ಏನಂದೆ, ಅದನ್ನ ಕೇಳಿಸ್ಕೊಂಡ್ರೇನು, ಬಾಯೋರ?”

ಅವರು ಶಹಾಬಾದಿನ ಕಲ್ಲುಗಣಿಗಳ ನಡುವೆ ಬೆಳೆದವರು. ಅಲ್ಲಿ ಕಲ್ಲು ಸಿಡಿಸುವ ಮುನ್ನ ನಾಲ್ಕೂ ಕಡೆಗೆ ಕೂಗುತ್ತಿದ್ದರು. ನಾಲ್ಕೂ ಕಡೆಯಿಂದ ಓಗೊಡುವ ತನಕ ಬತ್ತಿಗೆ ಬೆಂಕಿ ಇಡುವಂತಿರಲಿಲ್ಲ. “ನಮ್ಮ ಚಾಚಾ ಒಮ್ಮಿ, ಒಂದ್ ಕಡಿಂದ ಜವಾಬು ಬರ್ಲಿಲ್ಲ, ಯಾರೂ ಇರ್ಲಿಕ್ಕಿಲ್ಲ ಅಂತ ತಿಳ್ಕೊಂಡು ಬತ್ತಿ ಹಚ್ಚಿದ್ರು. ಅಲ್ಲಿ ಒಬ್ಬಾವ ಇದ್ದ. ಅವನಿಗೆ ಕಿವಿ ಕೇಳ್ತಿದ್ದಿಲ್ಲ,” ಎಂದು ಹೇಳಿ ಸಾಹೇಬರು ಕನ್ನಡಕ ಒರೆಸಿಕೊಂಡಿದ್ದರು.

ಎಂಬತ್ತರ ದಶಕದ ಶುರುವಿನಲ್ಲಿ ನಮ್ಮಲ್ಲಿಗೆ ಕಂಪ್ಯೂಟರ್ ಬಂತು. ಕಲ್ಲು ಸಾಗಿಸುವ ಉದ್ದನೆಯ ಬೆಲ್ಟನ್ನು ಇನ್ನು ಮೇಲೆ ಅದೇ ಓಡಿಸಬೇಕು, ಅದೇ ನಿಲ್ಲಿಸಬೇಕು. ಪ್ರೋಗ್ರಾಂ ಬರೆದವರು ಸಾಹೇಬರು. ಅವರ ಕೈಬರಹ ನೋಡಿ ಮಷೀನಿಗೆ ಟೈಪ್ ಮಾಡಿದವಳು ನಾನು. ಟೆಸ್ಟಿಂಗ್ ಎಂದರೆ ಎಲ್ಲ ಸರಿಯಿದೆ ಎಂದು ತೋರಿಸುವುದು ಅಂದುಕೊಂಡಿದ್ದೆ. ಅವರು ಗದರಿದರು: “ನಡೀತದ ಅಂತ ತೋರಿಸ್ಬ್ಯಾಡ್ರಿ. ಕೆಡಿಸ್ರಿ. ದುಶ್ಮನ್ ಬಂದು ಕುಂತಾಳ ಅನ್ನೋಹಂಗ ಕೆಡಿಸ್ರಿ!” ತಪ್ಪು ಗುಂಡಿ ಒತ್ತಿದೆ, ಎರಡೆರಡು ಒಟ್ಟಿಗೆ ಒತ್ತಿದೆ, ನಡುವೆ ಕರೆಂಟೇ ತೆಗೆದೆ. ಪ್ರೋಗ್ರಾಂ ಕೆಟ್ಟ ದಿನ ಅವರ ಮುಖ ಅರಳುತ್ತಿತ್ತು, ಸ್ಟೇಷನ್ನಿನಿಂದ ಮಿರ್ಚಿ ಭಜಿ ಬರುತ್ತಿತ್ತು. ಕೆಡದ ದಿನ ಬರೀ ಚಹಾ.

ಬೆಲ್ಟಿನ ಕೆಳಗೆ ಬಿದ್ದ ಕಲ್ಲುಚೂರು ಬಳಿಯಲು ಆಳುಗಳು ಇಳಿಯುತ್ತಿದ್ದರು. ಇಳಿಯುವವನು ಅಲ್ಲಿದ್ದ ಸ್ವಿಚ್ ಹಾಕಿದರೆ ಕಂಪ್ಯೂಟರಿಗೆ ಸುದ್ದಿ ಮುಟ್ಟುತ್ತಿತ್ತು, ಬೆಲ್ಟ್ ಓಡುತ್ತಿರಲಿಲ್ಲ. ಉದ್ಘಾಟನೆಯ ಹಿಂದಿನ ದಿನ ಎಲ್ಲವೂ ಪರ್ಫೆಕ್ಟ್ ಆಗಿ ನಡೆಯಿತು. ನನಗೆ ಯಾಕೋ ಗಣಿಯ ಆ ಕಿವುಡ ನೆನಪಾದ. “ಸರ್, ಸ್ವಿಚ್ಚಿನ ವೈರೇ ಕಡಿದು ಹೋದರೆ?” ಎಂದೆ.

ಸಾಹೇಬರು ವೈರು ಕಿತ್ತರು, ಸ್ವಿಚ್ ಹಾಕಿದರು, ಬೆಲ್ಟಿನ ಗುಂಡಿ ಒತ್ತಿಸಿದರು. ಬೆಲ್ಟ್ ಓಡಿತು. ಸುದ್ದಿ ಬಾರದಿದ್ದರೆ ಕೆಳಗೆ ಯಾರೂ ಇಲ್ಲ ಎಂದೇ ಪ್ರೋಗ್ರಾಂ ತಿಳಿದಿತ್ತು. “ಚಾಚಾ ಮಾಡಿದ್ದನ್ನೇ ನಾನೂ ಮಾಡೀನಿ,” ಎಂದರು ಮೆಲ್ಲಗೆ. ಆ ದಿನ ಭಜಿ ತರಿಸಲಿಲ್ಲ.

ಮ್ಯಾನೇಜರ್ ಕೆಂಡವಾದರು. “ಇಲಿ ವೈರ್ ಕಡೀತದಂತ ಫಂಕ್ಷನ್ ನಿಲ್ಲಿಸ್ಲಿಕ್ಕಾಗ್ತದೇನ್ರಿ? ದೊಡ್ಡ ದೊಡ್ಡ ಮಂದಿ ಬರ್ಲಿಕತ್ತಾರ. ಎಲ್ಲಾ ಸರಿ ಅದ ಅಂತ ಸಹಿ ಹಾಕ್ರಿ.”

“ಕಡಿಯೂದಿಲ್ಲಂತ ಆ ಇಲಿ ಕಡಿಂದ ಸಹಿ ತರ್ರಿ. ಅದರ ಕೆಳಗ ನಾನೂ ಹಾಕ್ತೀನಿ.”

“ನಿಮ್ಮ ಪ್ರಮೋಷನ್ ಹೋಗ್ತದ, ಸಾಹೇಬರ.”

“ಅದು ಹೋಗ್ಲಿ. ಕೆಳಗ ಇಳಿದವ ಮ್ಯಾಲ ಬರ್ಲಿ.”

ಮರುದಿನ ಬೆಲ್ಟ್ ಅಲುಗಲಿಲ್ಲ. ಬಂದವರು ರಿಬ್ಬನ್ ಕತ್ತರಿಸಿ, ಚಹಾ ಕುಡಿದು ಹೋದರು. ಪ್ರಮೋಷನ್ನೂ ಹೋಯಿತು. ಸಾಹೇಬರು ಪ್ರೋಗ್ರಾಂ ತಿರುಗಿ ಬರೆದರು: ಸ್ವಿಚ್ಚು “ಯಾರೂ ಇಲ್ಲ” ಎಂದು ಹೇಳುತ್ತಲೇ ಇರಬೇಕು, ಆ ಮಾತು ನಿಂತರೆ ಬೆಲ್ಟೂ ನಿಲ್ಲಬೇಕು. ಆಮೇಲೆ ಅದು ಸಣ್ಣಪುಟ್ಟದಕ್ಕೂ ನಿಲ್ಲತೊಡಗಿತು. ಚೂರು ಬಳಿಯುವ ಮಲ್ಲಪ್ಪ ಕಿಟಕಿಯ ಮುಂದೆ ಬಂದು ಬೀಡಿ ಹಚ್ಚುತ್ತಾ, “ನಿಮ್ಮ ಬೆಲ್ಟ್ ಮತ್ತ ಸಿಟ್ಟಿಗೆದ್ದದ ನೋಡ್ರಿ, ಸಾಬ್ರ! ಭಾಳ ನಾಜೂಕ ಅದ!” ಎಂದು ಛೇಡಿಸುತ್ತಿದ್ದ. ಛೇಡಿಸಿಕೊಂಡ ಸಾಹೇಬರು ಅವನಿಗೂ ಸೇರಿಸಿ ಭಜಿ ತರಿಸುತ್ತಿದ್ದರು.

ಸಾಹೇಬರು ರಿಟೈರ್ ಆಗಿ ಶಹಾಬಾದಿಗೆ ಹೋದರು. ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ಹೋದೆ. ಬಾಗಿಲು ತೆರೆದೇ ಇತ್ತು. ಗೂಟದಲ್ಲಿ ಅವರ ಟೋಪಿ ಕಾಣುತ್ತಿತ್ತು. “ಬರ್ಲೇನ್ರಿ?” ಎಂದೆ. ದನಿ ಬರಲಿಲ್ಲ.

“ಹೋಗ್ರಿ ಬಾಯೋರ, ಬಾಗಿಲಾ ತೆರದೇ ಅದಲ್ರಿ,” ಎಂದಳು ಓಣಿಯ ಹೆಂಗಸೊಬ್ಬಳು.

ನಾನು ಕದಲಲಿಲ್ಲ. ಬೇಗಂ ಹೊರಗೆ ಬಂದು “ಬರ್ರಿ” ಎನ್ನುವ ತನಕ, ಕಾದ ಕಲ್ಲಿನ ಮೆಟ್ಟಿಲ ಮೇಲೆ ನಿಂತೇ ಇದ್ದೆ.