‘ಕಾಣೆ’ ಎಂದರೆ

“ನಮ್ಮ ಶಾಂತಾ ಎಲ್ಲಿ ಅದಾಳ್ರಿ?” ಎಂದು ಕೇಳಿದೆ. ನಮಗೆ ಬಾಡಿಗೆಗೆ ಮನೆ ಕೊಟ್ಟಿದ್ದ ಸಿದ್ದಮ್ಮ ರಾಗಿ ಕೇರುತ್ತಲೇ, “ಕಾಣೆ ಕಣವ್ವ” ಎಂದರು. ಆರು ವರ್ಷದ ಮಗಳು ಕಾಣೆಯಾಗಿದ್ದಾಳೆ, ಈಕೆ ಮೊರದಿಂದ ಕಣ್ಣೆತ್ತಿಯೂ ನೋಡುತ್ತಿಲ್ಲ!

ಧಾರವಾಡದ ಕಡೆಯ ನಾವು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ನಾಡು ಒಂದಾದ ಮೇಲೆ, ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ನನ್ನ ಯಜಮಾನರಿಗೆ ಇತ್ತ ವರ್ಗವಾಗಿತ್ತು. “ಅಲ್ಲೂ ಕನ್ನಡನ ಐತಿ, ಅಂಜಬ್ಯಾಡ” ಎಂದು ತವರಿನವರು ಕಳಿಸಿಕೊಟ್ಟಿದ್ದರು. ನಮ್ಮಲ್ಲಿ ಎರೆಹೊಲದ ಬದುವಿನಲ್ಲಿ ನಿಂತರೆ ಹರದಾರಿ ದೂರದ ಬಂಡಿಯೂ ಕಾಣುತ್ತದೆ. ಇಲ್ಲಿ ಹೊಲ ಮುಗಿಯುತ್ತಲೇ ಕುರುಚಲು ಕಾಡು, ಅದರಾಚೆ ಬೆಟ್ಟ. ರೊಟ್ಟಿ ಬಿಟ್ಟು ಮುದ್ದೆ ನುಂಗುವುದನ್ನು ಹೇಗೋ ಕಲಿತಿದ್ದೆ. ಮಾತು ಮಾತ್ರ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ.

ಹಿಂದಿನ ದಿನವಷ್ಟೇ ನೆರೆಮನೆಯಾಕೆ, “ಕಿರ್ಬ ಬಂದು ಕರ ಎತ್ಕೊಂಡೋಯ್ತು ಕಣವ್ವ” ಎಂದಿದ್ದರು. ‘ಕಿರ್ಬ’ ನಾನು ಕೇಳಿರದ ಶಬ್ದ. ಆದರೆ ಕೊಟ್ಟಿಗೆಯ ಮುಂದೆ ರಕ್ತ ಚೆಲ್ಲಿತ್ತು. ಕರುವನ್ನು ಎತ್ತಿಕೊಂಡು ಹೋಗಬಲ್ಲದ್ದು ಚಿರತೆಯೇ ಇರಬೇಕೆಂದು ನಾನೇ ಅರ್ಥ ಮಾಡಿಕೊಂಡಿದ್ದೆ.

ಬರಿಗಾಲಲ್ಲೇ ಬೀದಿಗೆ ಓಡಿದೆ. ಅರಳಿಕಟ್ಟೆಯ ಬಳಿ ಒಬ್ಬ ರೈತ ಇನ್ನೊಬ್ಬನನ್ನು ಕೇಳುತ್ತಿದ್ದ: “ಪ್ಯಾಟೆ ಬಸ್ಸು ಓಯ್ತೇನ್ಲಾ?”

“ನಾ ಕಾಣೆ ಕಣ್ಲಾ, ಈಗ್ ಬಂದೆ.”

ನಿಂತುಬಿಟ್ಟೆ. ಈಗ ತಾನೇ ಬಂದವನಿಗೆ ಬಸ್ಸಿನ ಸುದ್ದಿ ಹೇಗೆ ತಿಳಿದೀತು? ಹಾಗಾದರೆ ‘ಕಾಣೆ’ ಎಂದರೆ ‘ನನಗೆ ಗೊತ್ತಿಲ್ಲ’! ಅರ್ಥ ಸಿಕ್ಕಿತು, ಹೆದರಿಕೆ ಮಾತ್ರ ಇಳಿಯಲಿಲ್ಲ. ಮಗಳೆಲ್ಲಿ ಎಂಬುದು ಸಿದ್ದಮ್ಮನಿಗೂ ಗೊತ್ತಿಲ್ಲವೆಂದಾಯಿತಷ್ಟೆ.

“ನನ್ನ ಮಗಳು...” ಎಂದು ತೊದಲಿದೆ.

“ಐಕ್ಳೆಲ್ಲ ಕೆರೆ ಏರಿ ತಾವ ಅವೆ, ಓಗವ್ವ” ಎಂದ ರೈತ.

ಸಂಜೆ ಸಿದ್ದಮ್ಮ “ಐಕ್ಳಾ, ಉಣ್ಣಕ್ ಬನ್ನಿ” ಎಂದು ಕೂಗಿದರೆ ಅವರ ಮನೆಯ ಮಕ್ಕಳು ಓಡಿಬರುತ್ತಿದ್ದುದು ನೆನಪಾಯಿತು. ಐಕ್ಳು ಎಂದರೆ ಮಕ್ಕಳು. ಇನ್ನು ಕೆರೆ ಎಂದರೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಆ ತಿಳಿದ ಮಾತೇ ನನ್ನನ್ನು ಹೆಚ್ಚು ನಡುಗಿಸಿತು.

ಏರಿಯ ಮೇಲಿನ ಹುಣಸೆ ಮರದಡಿ ಮಕ್ಕಳ ಗುಂಪು. ನಡುವೆ, ಲಂಗದ ತುಂಬ ಹುಣಸೆಕಾಯಿ ಕಟ್ಟಿಕೊಂಡ ನನ್ನ ಶಾಂತಾ. ಬಾಚಿ ತಬ್ಬಿಕೊಂಡೆ. ನನ್ನ ಹಿಂದೆಯೇ ಏದುಸಿರು ಬಿಡುತ್ತ ಓಡಿಬಂದಿದ್ದ ಸಿದ್ದಮ್ಮ ಬೆನ್ನು ಸವರಿ, “ಅಳಬ್ಯಾಡ ಬುಡವ್ವ, ಸಿಕ್ತಲ್ಲ ಕೂಸು” ಎಂದರು.

ಶಾಂತಾ ಕೊಸರಿಕೊಂಡಳು. “ವಸಿ ತಾಳವ್ವ, ಇನ್ನೆಲ್ಡು ಕಿತ್ಕಂಡು ಬತ್ತೀನಿ.”

‘ಅವ್ವ’ ಎಂಬುದೊಂದನ್ನು ಬಿಟ್ಟರೆ ಅದರಲ್ಲಿ ನಾನು ಕಲಿಸಿದ ಮಾತು ಒಂದೂ ಇರಲಿಲ್ಲ. ‘ವಸಿ’ ಎಂದರೆ ‘ಸ್ವಲ್ಪ’ ಎಂಬುದನ್ನು, ತಡೆಯುವಂತೆ ಎತ್ತಿದ ಅವಳ ಪುಟ್ಟ ಕೈ ನೋಡಿ ಊಹಿಸಿಕೊಂಡೆ.

ಯಾವಾಗ ಬರುತ್ತೀರೆಂದು ತವರಿನವರು ಕೇಳುತ್ತಲೇ ಇರುತ್ತಾರೆ. ನಾನೊಬ್ಬಳಾದರೆ ನಾಳೆಯೇ ಹೊರಟೇನು. ಆದರೆ ‘ನಮ್ಮೂರಿಗೆ ಹೋಗೋಣವೇ?’ ಎಂದು ಶಾಂತಾಳನ್ನು ನಾನಿನ್ನೂ ಕೇಳಿಲ್ಲ. ಯಾವ ಊರಿಗೆ ಎಂದು ಕೇಳಿಬಿಟ್ಟಾಳೆಂಬ ಅಂಜಿಕೆ.