ಮಾವ ಉಜ್ಜಿಕೊಟ್ಟ ಸರಳುಗಳು

ಹರಿಹರದಲ್ಲಿ ನನ್ನ ಸೋದರಮಾವನ ಲೇತ್ ವರ್ಕ್‌ಶಾಪ್ ಇತ್ತು. ಕಾರ್ಖಾನೆಗಳಿಗೆ ಬುಷ್ಷು, ಶಾಫ್ಟು, ರೋಲರು ಮಾಡಿಕೊಡುವುದು ಅವರ ಕೆಲಸ. ಅವರ ಕೈಗೆ ನಾನು ಅಣುಗಳನ್ನು ನಿಲ್ಲಿಸುವ ಉಸಾಬರಿ ತಂದುಹಾಕಿದೆ. ಆಗ ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ನಮ್ಮ ಯಂತ್ರಕ್ಕೆ ಹೊರದೇಶದಿಂದ ಬರಬೇಕಾಗಿದ್ದ ಉಕ್ಕಿನ ಸರಳುಗಳು ಬರುವ ಲಕ್ಷಣವೇ ಇರಲಿಲ್ಲ. ನನ್ನ ಗೈಡ್ ನಿವೃತ್ತಿಯಾಗುವವರಿದ್ದರು, ಅವರು ಹೋದ ಮೇಲೆ ಆ ಕೋಣೆ ಬೇರೆಯವರ ಪಾಲು. ಅಷ್ಟರೊಳಗೆ ಯಂತ್ರ ನಡೆದರೆ ನನಗೆ ಡಿಗ್ರಿ, ಇಲ್ಲದಿದ್ದರೆ ಇಷ್ಟು ವರ್ಷ ಓದಿದ್ದೆಲ್ಲ ನೀರುಪಾಲು.

“ಅಮೋನಿಯಾ ಅಂದ್ರೆ ಐಸ್ ಫ್ಯಾಕ್ಟರಿ ವಾಸ್ನೆ ಅಲ್ಲೇನು?” ಎಂದರು ಮಾವ. ಅದೇ, ನಾವು ನಿಲ್ಲಿಸಬೇಕಾದದ್ದು ಅದರ ಅಣುಗಳನ್ನೇ ಎಂದೆ. ಅದರ ಒಂದೊಂದು ಅಣುವಿಗೂ ಒಂದು ತುದಿ ತುಸು ಧನ, ಇನ್ನೊಂದು ತುದಿ ತುಸು ಋಣ. ಹಾಗಾಗಿ ವಿದ್ಯುತ್ ಕ್ಷೇತ್ರಕ್ಕೆ ಅದರ ಜುಟ್ಟು ಸಿಗುತ್ತದೆ. ಸರಳುಗಳನ್ನು ಎದುರುಬದುರು ಸಾಲಾಗಿ ನಿಲ್ಲಿಸಿ, ಸಾವಿರಾರು ವೋಲ್ಟ್ ಕೊಟ್ಟು, ಗಾಳಿಯೇ ಇಲ್ಲದ ಪೆಟ್ಟಿಗೆಯೊಳಗೆ ಅಣುಗಳನ್ನು ಅವುಗಳ ನಡುವೆ ಹಾಯಿಸುತ್ತೇವೆ. ಏರು ಹತ್ತುವ ಸೈಕಲ್ಲಿನ ಹಾಗೆ ಅಣು ವೇಗ ಕಳೆದುಕೊಳ್ಳುತ್ತದೆ. ಇಳಿಜಾರು ಬರುವ ಮೊದಲೇ ನಾವು ವೋಲ್ಟೇಜ್ ಕಡಿದುಬಿಡುತ್ತೇವೆ, ಮುಂದೆ ಮತ್ತೆ ಏರು. ಹೀಗೆ ಸತಾಯಿಸಿ ಸತಾಯಿಸಿ, ಓಟ ಅಡಗಿ ತಣ್ಣಗಾದ ಅಣುಗಳನ್ನು ಕೊನೆಯಲ್ಲಿ ಬಳೆಯಂಥ ಸರಳುಗಳ ನಡುವೆ ಕೂಡಿಹಾಕುವುದು.

“ಹಿಡ್ಕಂಡು ಏನ್ ಮಾಡ್ತೀರಿ?”

“ನೋಡ್ತೀವಿ ಮಾವ.”

“ಬರೇ ನೋಡಾಕೆ ಇಷ್ಟೆಲ್ಲಾ,” ಎಂದು ನಕ್ಕರು, ಆದರೆ ಕೆಲಸ ಒಪ್ಪಿಕೊಂಡರು.

ಸರಳಿನ ಮೇಲೆ ಕೂದಲೆಳೆಯಷ್ಟು ಗೀರಿದ್ದರೂ ಅಲ್ಲಿಂದ ಕಿಡಿ ಹಾರುತ್ತದೆ. ಲೇತಿನಿಂದ ಇಳಿಸಿದ ಮೇಲೆ ಮಾವ ಒಂದೊಂದನ್ನೂ ಕೈಯಲ್ಲೇ ಉಜ್ಜಿದರು, ಮೊದಲು ನಯವಾದ ಎಮರಿ ಕಾಗದ, ಆಮೇಲೆ ಪೇಸ್ಟು, ಕೊನೆಗೆ ಬರೀ ಬಟ್ಟೆ. ನಾನು ಹೋದಾಗಲೆಲ್ಲ ಟ್ಯೂಬ್‌ಲೈಟಿನ ಕೆಳಗೆ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದರು. ಬರಬರುತ್ತ ಸರಳನ್ನು ಬೆಳಕಿಗೆ ಹಿಡಿಯುವುದನ್ನು ಬಿಟ್ಟು ಕೆಳತುಟಿಯ ಮೇಲೆ ಎಳೆದು ನೋಡತೊಡಗಿದರು. “ಉಗುರಿಗೆ ಸಿಗದಿದ್ದು ತುಟಿಗೆ ಸಿಗ್ತೈತೆ,” ಎಂದರು. ಎಂಥ ಕಸುಬುದಾರ ಎಂದು ನಾನು ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡೆ.

ಆಯುಧಪೂಜೆಯ ಮರುದಿನ ಸರಳುಗಳನ್ನು ತರಲು ಹೋದೆ. ಲೇತಿನ ಮೇಲೆ ಚೆಂಡುಹೂ ಬಾಡಿತ್ತು, ಬಾಗಿಲಲ್ಲಿ ಒಡೆದ ಬೂದಗುಂಬಳ. ಮಲ್ಲು ಬಟ್ಟೆಯಲ್ಲಿ ಸುತ್ತಿದ ಗಂಟನ್ನು ಮಾವ ಕೈಗಿಟ್ಟು, “ಸ್ಪಿರಿಟ್‌ನಾಗೆ ತೊಳ್ದೀನಿ, ಬರಿಗೈ ಹಚ್ಚಬ್ಯಾಡ,” ಎಂದರು. ಲ್ಯಾಬಿನಲ್ಲಿ ನಾವೂ ಇನ್ನೊಮ್ಮೆ ತೊಳೆದು, ಜೋಡಿಸಿ, ಪೆಟ್ಟಿಗೆಯ ಗಾಳಿ ಎಳೆದು, ವೋಲ್ಟೇಜನ್ನು ಮೆಲ್ಲಗೆ ಏರಿಸಿದೆವು. ಅರ್ಧಕ್ಕೆ ಬಂದಿರಬೇಕು, ಗಾಜಿನ ಕಿಟಕಿಯಲ್ಲಿ ನೀಲಿ ಬೆಳಕು ಫಳ್ ಎಂದಿತು. ಪವರ್ ಸಪ್ಲೈ ಬಿದ್ದುಹೋಯಿತು.

ಬಿಚ್ಚಿ ನೋಡಿದರೆ ಸರಳುಗಳ ಮೈತುಂಬ ಸಿಡುಬಿನ ಕಲೆ. ಅವುಗಳನ್ನು ಹಿಡಿದು ನಿಲ್ಲಿಸಿದ್ದ ಪಿಂಗಾಣಿಯ ಮೇಲೆ ಕಪ್ಪು ಗೆರೆ. ಸ್ಕ್ರೂ ಕೂರಿಸುವ ತೂತಿನಿಂದ ಬೂದುಬಣ್ಣದ ಪುಡಿ ಉದುರಿತು, ನಡುವೆ ಒಂದೆರಡು ಕೆಂಪು ಕಣ. ಹಬ್ಬದ ದಿನ ಲೇತಿಗೆ, ಸ್ಪ್ಯಾನರಿಗೆ ಆದ ಪೂಜೆ ಸರಳುಗಳಿಗೂ ಆಗಿತ್ತು. ಮೈಮೇಲಿನದು ಹೋಗಿತ್ತು. ಗಂಧದ ಜೊತೆ ಕಲೆತು ತೂತಿನೊಳಗೆ ಗಟ್ಟಿಯಾಗಿ ಕೂತದ್ದು ಅವರ ತೊಳೆತಕ್ಕೂ ನಮ್ಮ ತೊಳೆತಕ್ಕೂ ಜಗ್ಗಿರಲಿಲ್ಲ.

“ಏನಿದು?” ಎಂದರು ಗೈಡ್.

“ವಿಭೂತಿ, ಸರ್.”

ಅವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾವನ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂತು. ಯಾರು ಕೇಳಿದ್ದರು ಇವರ ಪೂಜೆಯನ್ನು? ಆದರೂ ಬೇರೆ ದಾರಿ ಇರಲಿಲ್ಲ, ಇನ್ನೊಂದು ಸೆಟ್ ಆಗಲೇಬೇಕಿತ್ತು. ದಾವಣಗೆರೆಗೆ ಬಂದು, ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲಿ ಚಪ್ಪಲಿ ಬಿಡುವ ಮೊದಲೇ ಅವ್ವನಿಗೆ ವಿಷಯ ಹೇಳಿದೆ.

ಅವ್ವ ಅಕ್ಕಿ ಆರಿಸುತ್ತಿದ್ದಳು. “ಯಾರ್ ಮಾಡಿಕೊಡ್ತಾರೆ? ನಿಮ್ಮಾವಗೆ ಕಣ್ಣು ಕಾಣಂಗಿಲ್ಲ.”

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ತಡಮಾಡದೆ ಲೇಸರ್ ಮಾಡಿಸಿಕೊಳ್ಳಿ ಎಂದು ಪಿ.ಜೆ. ಬಡಾವಣೆಯ ಡಾಕ್ಟರು ಬೇಸಿಗೆಯಲ್ಲೇ ಹೇಳಿದ್ದರಂತೆ. “ಹುಡುಗಿ ಕೆಲ್ಸ ಮುಗೀಲಿ” ಎಂದು ಮಾವ ಮುಂದೂಡಿದ್ದರು. ಹಬ್ಬ ಕಳೆದ ಮೇಲೆ ಕಣ್ಣಿನೊಳಗೆ ರಕ್ತ ಸೋರಿತು, ಮೊದಲು ಒಂದರಲ್ಲಿ, ಆಮೇಲೆ ಇನ್ನೊಂದರಲ್ಲಿ. ಸರಳನ್ನು ತುಟಿಗೆ ಹಚ್ಚಿ ನೋಡುತ್ತಿದ್ದದ್ದು ಕಾಣದೆ ಇದ್ದದ್ದಕ್ಕೆ. ನನ್ನ ಸಿಟ್ಟು ಇಳಿಯಿತು, ಆ ಜಾಗಕ್ಕೆ ಬಂದದ್ದು ಅದಕ್ಕಿಂತ ಕೆಟ್ಟದಾಗಿತ್ತು.

ಇನ್ನೊಂದು ಸೆಟ್ ಆಗಲಿಲ್ಲ. ಗೈಡ್ ನಿವೃತ್ತರಾದರು, ಯಂತ್ರವನ್ನು ಬಿಚ್ಚಿ ಮೂಲೆಗೆ ಪೇರಿಸಿದರು. ನಾನು ಊರಿಗೆ ಮರಳಿ ಕೆ.ಬಿ. ಬಡಾವಣೆಯ ಒಂದು ಟ್ಯೂಷನ್ ಸೆಂಟರಿನಲ್ಲಿ ಪಾಠಕ್ಕೆ ಸೇರಿದೆ. ಹರಿಹರಕ್ಕೆ ಹೋಗಲು ತಿಂಗಳುಗಟ್ಟಲೆ ಮನಸ್ಸು ಬರಲಿಲ್ಲ.

ಕೊನೆಗೆ ಹೋದ ದಿನ ಅತ್ತೆ ಬಾಗಿಲಲ್ಲೇ ತಡೆದು ಪಿಸುಗುಟ್ಟಿದರು. “ಬಂದೋರ್ಗೆಲ್ಲ ಅದನ್ನೇ ಹೇಳ್ತಾರೆ, ನನ್ನ ಸರಳು ಅಣು ನಿಲ್ಲಸ್ತಾವೆ ಅಂತ. ನಿನ್ನ ಕೇಳ್ತಾರೆ. ಆಗೈತೆ ಅನ್ನು, ಸಾಕು.”

ಮಾವ ವರ್ಕ್‌ಶಾಪಿನ ಅಂಗಳದಲ್ಲಿ ಮಂಚದ ಮೇಲೆ ಕೂತಿದ್ದರು. ದನಿ ಕೇಳಿ ಮುಖ ತಿರುಗಿಸಿದರು, ನಾನಿದ್ದ ಕಡೆಗಲ್ಲ, ಸ್ವಲ್ಪ ಪಕ್ಕಕ್ಕೆ.

“ನಿಂತ್ವೇನವ್ವ?”

“ನಿಂತ್ವು ಮಾವ.”

“ಎಷ್ಟೊತ್ತು?”

ಏನು ಬೇಕಾದರೂ ಹೇಳಬಹುದಿತ್ತು, ಗಂಟೆ ಅನ್ನಬಹುದಿತ್ತು, ದಿನ ಅನ್ನಬಹುದಿತ್ತು. ಸುಳ್ಳಿನಲ್ಲೂ ಲ್ಯಾಬಿನ ಬುದ್ಧಿ ನನ್ನನ್ನು ಬಿಡಲಿಲ್ಲ. ನಾವು ಕನಸಿನಲ್ಲಿ ಆಸೆಪಟ್ಟದ್ದರಲ್ಲೇ ದೊಡ್ಡದನ್ನು ಹೇಳಿದೆ. “ಒಂದು ಸೆಕೆಂಡು.”

ನಾನು ಇನ್ನೂ ಏನೋ ಹೇಳುತ್ತೇನೆಂದು ಮಾವ ಕಾದರು. ಅತ್ತೆ ತಲೆ ತಗ್ಗಿಸಿದರು.

“ಒಂದೇ ಸೆಕೆಂಡಾ?”

“ನಮ್ಮ ಲೆಕ್ಕದಾಗೆ ಅದು ಭಾಳ ದೊಡ್ಡದು ಮಾವ.”

ಅವರು ಎರಡೂ ಅಂಗೈಯನ್ನು ತೊಡೆಯ ಮೇಲೆ ಉಜ್ಜಿಕೊಂಡರು. “ಇನ್ನೊಂದಿಷ್ಟು ಚೆಂದ ಉಜ್ಜಿದ್ರೆ ಜಾಸ್ತಿ ಹೊತ್ತು ನಿಲ್ತಿದ್ವೋ ಏನೋ.”

“ಇಲ್ಲ ಮಾವ, ಉಜ್ಜಿದ್ರಾಗೆ ಏನೂ ಕಮ್ಮಿ ಇರ್ಲಿಲ್ಲ,” ಎಂದೆ. ಆ ದಿನ ನಾನು ಅವರಿಗೆ ಹೇಳಿದ ನಿಜ ಅದೊಂದೇ. ಅದನ್ನು ಮಾವ ನಂಬಲಿಲ್ಲ.