ಚರಗದ ಆಯಿ

ಆಕೆಯ ಬೆನ್ನು ನನಗೆ ಚೆನ್ನಾಗಿ ಗೊತ್ತು. ಎಡಭುಜ ಬಲಭುಜಕ್ಕಿಂತ ತುಸು ಇಳಿದಿತ್ತು. ಸೆರಗು ಜಾರಿದಾಗ ಹೆಡಕಿನ ಮೇಲೆ ಹುಣಸೆಬೀಜದಷ್ಟು ಕರಿ ಮಚ್ಚೆ ಕಾಣುತ್ತಿತ್ತು. ಹೆಚ್ಚುಕಡಿಮೆ ಒಂದೂವರೆ ವರ್ಷ ದಿನಾ ಮುಂಜಾನೆ ಆಕೆ ಬೆಳೆದ ಕಾಯಿಪಲ್ಯೆ ಒಯ್ದಿದ್ದೇನೆ. ಮುಖ ನೋಡಿದ್ದು ಒಂದೇ ಸಲ.

ಸ್ವಾತಂತ್ರ್ಯ ಬಂದು ಕೆಲವೇ ವರ್ಷವಾಗಿತ್ತು. ಮೂಡಲಗಿಯ ದಾರಿಯಲ್ಲಿ ಒಂದು ಊರ ಹೊರಗೆ ಸಾಲೆ, ಅದಕ್ಕೆ ಹತ್ತಿಕೊಂಡೇ ಬೋರ್ಡಿಂಗು. ನಾನು ಅಲ್ಲಿ ಮಾಸ್ತರ, ಮಕ್ಕಳ ಊಟದ ಉಸ್ತುವಾರಿಯೂ ನನ್ನದೇ. ನಮ್ಮ ಕೇರಿಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರಲ್ಲಿ ನಾನೇ ಮೊದಲಿಗ. ತುಕ್ಕಾನಟ್ಟಿ, ಕುಲಗೋಡದ ಕಡೆಯಿಂದ ಬಂದ ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು, ಬಡಿಸುವವನು ನಾನು. ಊರ ಪಂಚರಿಗೆ ಇದು ಕಣ್ಣುರಿ. ಬೋರ್ಡಿಂಗಿಗೆ ಕಾಯಿಪಲ್ಯೆ ಮಾರಿದವರಿಗೆ ಊರಲ್ಲಿ ನೀರೂ ಇಲ್ಲ, ಬೆಂಕಿಯೂ ಇಲ್ಲ ಎಂದು ಡಂಗುರ ಹೊಡೆಸಿದರು. ಗೋಕಾಕದ ಸಂತೆಯಿಂದ ತಂದದ್ದು ಒಂದೆರಡು ದಿನಕ್ಕೆ ಬಾಡುತ್ತಿತ್ತು. ಉಳಿದ ದಿನ ಬರೀ ರೊಟ್ಟಿ, ಖಾರ. ಮಕ್ಕಳ ಬಾಯಲ್ಲಿ ಹುಣ್ಣಾದವು. ತಾಯಂದಿರು ಬಂದು ಒಬ್ಬೊಬ್ಬರನ್ನೇ ಕರಕೊಂಡು ಹೋಗತೊಡಗಿದರು. ಹೀಗೇ ಆದರೆ ದೀಪಾವಳಿಯ ಹೊತ್ತಿಗೆ ಬೋರ್ಡಿಂಗಿಗೆ ಬೀಗ ಬೀಳುವುದು ಖಾತ್ರಿಯಿತ್ತು.

ಹಳ್ಳದ ದಂಡೆಯಲ್ಲಿ ಆ ಮುದುಕಿಯ ಹೊಲ; ಊರೆಲ್ಲ ಆಕೆಯನ್ನು ಆಯಿ ಎನ್ನುತ್ತಿತ್ತು. ಬದುವಿನ ಮೇಲೆ ನಿಂತು, ಕಳೆ ಕೀಳುತ್ತಿದ್ದ ಆ ಬೆನ್ನಿಗೇ ಕೈಮುಗಿದು ಕೇಳಿದೆ.

"ಮಾರಾಂಗಿಲ್ಲ," ಎಂದಳು, ತಿರುಗದೆಯೇ. ಇನ್ನೊಂದು ಕಳೆ ಕಿತ್ತು, ಹೊಲಕ್ಕೆ ಹೇಳಿದ ಹಾಗೆ ಅಂದಳು: "ನಾಳಿಂದ ದಿನಾ ಚರಗಾ ಚೆಲ್ಲಾಕಿ ನಾ. ಚೆಲ್ಲಿದ್ದನ್ನ ಯಾರ ಒಯ್ದರಂತ ಪಂಚರೂ ಕೇಳಾಂಗಿಲ್ಲ."

ಎಳ್ಳಮಾಸಿಗೆ ಭೂಮಿತಾಯಿಗೆ, ಕಣ್ಣಿಗೆ ಕಾಣದವರಿಗೆ ಎಂದು ಹೊಲದಲ್ಲಿ ಅಡಿಗೆ ಚೆಲ್ಲುತ್ತಾರಲ್ಲ, ಅದು ಚರಗ. ಚೆಲ್ಲಿದವರು ತಿರುಗಿ ನೋಡಿದರೆ ಬದುಕುವುದಿಲ್ಲ ಎಂಬುದು ಆಕೆಯ ಮನೆತನದ ನಂಬಿಕೆ. ಪುಣ್ಯಾತ್ಗಿತ್ತಿ ವರ್ಷದ ಆಚರಣೆಯನ್ನು ದಿನದ ವ್ರತ ಮಾಡಿಕೊಂಡಳು! ಬೆಳಗಿನ ಮಸುಕಿನಲ್ಲಿ ನಾನು ಬದುವಿಗೆ ಬಂದರೆ, ಬದನೆ, ಹೀರೆ, ಪುಂಡಿಪಲ್ಯೆಯನ್ನು ಬೆನ್ನ ಹಿಂದಕ್ಕೆ ಸುರುವಿ, "ತಗೋರ್ಯೋ, ಕಾಣದವ್ರು!" ಎಂದು ಕೂಗುತ್ತಿದ್ದಳು. ನಾನು ಆರಿಸಿಕೊಂಡು, ದುಡ್ಡನ್ನು ಹೊಲದ ಗಡಿಯ ಬಾಂದಗಲ್ಲಿನ ಬುಡಕ್ಕಿಟ್ಟು ಬರುತ್ತಿದ್ದೆ. ನಾನು ಮಾತಾಡುವಂತಿರಲಿಲ್ಲ, ಭೂತ ಎಲ್ಲಾದರೂ ಮಾತಾಡುತ್ತದೆಯೇ? ಆಕೆಗೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. "ನಿನ್ನಿ ಹೀರಿಕಾಯಿ ಬಲತಿದ್ವು, ಸಣ್ಣ ಭೂತಗೋಳು ನನಗ ಬೈದ್ವೇನು?" ಎನ್ನುತ್ತಿದ್ದಳು. ನಾನು ನಗು ತಡೆದುಕೊಳ್ಳುತ್ತಿದ್ದೆ. ಹುಟ್ಟಿದಾಗಿನಿಂದ ಊರವರ ಕಣ್ಣಿಗೆ ಬೀಳದಂತೆ ಬದುಕಿದವನಿಗೆ ಭೂತವಾಗುವುದೇನು ಹೊಸದಲ್ಲ. ಆದರೂ ಕೆಲವು ದಿನ ಎದೆಯಲ್ಲಿ ಮುಳ್ಳು ಮುರಿದಂತಾಗುತ್ತಿತ್ತು. ಮಕ್ಕಳ ಬಾಯಿಹುಣ್ಣು ಮಾತ್ರ ವಾಸಿಯಾಯಿತು, ಹೋದವರೂ ಮರಳಿ ಬಂದರು.

ಎರಡನೆಯ ವರ್ಷದ ಚಳಿಗಾಲದಲ್ಲಿ ನನಗೆ ಜ್ವರ ಬಂತು. ಒಂದು ದಿನ ಏಳಲಾಗಲಿಲ್ಲ. ನನ್ನ ಬದಲು ಯಾರನ್ನೂ ಕಳಿಸಲೂ ಇಲ್ಲ. ಮರುದಿನ ಕಂಬಳಿ ಹೊದ್ದು ಹೋದೆ. ಹಳ್ಳದಿಂದ ಮಂಜು ಎದ್ದಿತ್ತು. ಆಯಿ ಕೂಗಲಿಲ್ಲ.

"ನಿನ್ನಿ ಬಂದಾಂವ ಯಾರ?" ಎಂದಳು. "ಹೆಜ್ಜಿ ಸಪ್ಪಳಿಲ್ಲ. ಕಾಯಿ ಒಂದೂ ಉಳದಿಲ್ಲ. ಕಲ್ಲಿನ ಬುಡಕ ರೊಕ್ಕಾನೂ ಇಲ್ಲ."

ಭೂತ ಮಾತಾಡಬಾರದೆಂಬುದು ಮರೆತೇಹೋಯಿತು. "ನಾ ಬಂದಿಲ್ರಿ ಆಯಿ. ಬೋರ್ಡಿಂಗಿನಿಂದ ಯಾರೂ ಬಂದಿಲ್ರಿ."

ಆಕೆ ಬುಟ್ಟಿ ಕೆಳಗಿಟ್ಟಳು. "ಹಂಗಾರ ಇಷ್ಟ ದಿವಸ ನಾ ಯಾರಿಗೆ ಹಾಕಾಕತ್ತೇನಿ? ನೀ ಮನಷಾ ಹೌದೋ ಅಲ್ಲೋ?"

ಆ ಮಂಜಿನಲ್ಲಿ ನನ್ನ ಕಾಲು ನನಗೇ ಕಾಣುತ್ತಿರಲಿಲ್ಲ. ಆಕೆ ಮೆಲ್ಲಗೆ ತಿರುಗತೊಡಗಿದಳು. "ತಿರಗಬ್ಯಾಡ್ರಿ ಆಯಿ!" ಎಂದು ಚೀರಿದೆ. ಕೇಳಲಿಲ್ಲ.

ಹಣೆಯ ತುಂಬ ವಿಭೂತಿ, ಒಂದು ಕಣ್ಣಲ್ಲಿ ಪೊರೆ. ಹತ್ತಿರ ಬಂದು ನನ್ನ ಗದ್ದ ಹಿಡಿದಳು. ನಮ್ಮ ಕೇರಿಯವರನ್ನು ಆ ಊರಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

"ಅಯ್ಯ ನನ್ನಪ್ಪಾ, ಬಿಸಿ ಅದಿಯಲ್ಲೋ! ಮನಷಾನ ಅದಿಯಲ್ಲೋ!" ಎಂದು ಅಳತೊಡಗಿದಳು.

ವಾರದೊಳಗೆ ಆಯಿ ತೀರಿಕೊಂಡಳು. ತಿರುಗಿ ನೋಡಿದ್ದನ್ನು ಮನೆಯಲ್ಲಿ ತಾನೇ ಹೇಳಿದ್ದಳಂತೆ. ಅದಕ್ಕೇ ಸತ್ತಳು ಎಂದರು ಜನ. ಅದೇ ಹೊಲದಲ್ಲಿ ಮಣ್ಣು ಮಾಡಿದರು. ನಾನು ದೂರದ ಬದುವಿನ ಮೇಲೆ ನಿಂತಿದ್ದೆ. ಎಲ್ಲರೂ ಹೋದ ಮೇಲೆ, ಬೋರ್ಡಿಂಗಿನಲ್ಲಿ ಮಾಡಿಸಿದ ರೊಟ್ಟಿ, ಬದನೆಕಾಯಿ ಪಲ್ಯೆಯನ್ನು ಹಸಿಮಣ್ಣಿನ ಮೇಲೆ ಚೆಲ್ಲಿ, "ತಗೋರಿ ಆಯಿ," ಎಂದು ಬೆನ್ನು ಮಾಡಿ ನಡೆದೆ. ಹಿಂದೆ ಸರಸರ ಸದ್ದಾಯಿತು. ಯಾರೋ ಆರಿಸಿಕೊಳ್ಳುತ್ತಿದ್ದರು. ಆಯಿ ನನ್ನ ಸಲುವಾಗಿ ತಿರುಗಿದ್ದಳು. ನಾನೂ ತಿರುಗಿದೆ.

ಎಲ್ಲರೊಡನೆ ಹೋಗಿದ್ದ ಆಕೆಯ ಮಗ ಮರಳಿ ಬಂದು, ಮಣ್ಣಲ್ಲಿ ಕೂತು ನಮ್ಮ ರೊಟ್ಟಿ ತಿನ್ನುತ್ತಿದ್ದ. "ಮಾಸ್ತರ, ಕಾಯಿಪಲ್ಯೆ ನಾಳಿಂದ ನಾನ ಬೋರ್ಡಿಂಗಿಗೆ ತಂದ ಮಾರತೇನ್ರಿ. ಪಂಚರು ಏನ ಮಾಡ್ತಾರ ಮಾಡ್ಲಿ," ಎಂದ.

"ನನಗ ಜ್ವರ ಬಂದ ದಿವಸ ಕಾಯಿ ಒಯ್ದಾವ್ರು ನೀವೇನ್ರಿ?"

"ಅಲ್ರಿ. ಆ ವಾರ ನಾ ಹುಕ್ಕೇರಿಯಾಗಿದ್ನಿ."

ಮಗ ಮಾತಿಗೆ ತಪ್ಪಲಿಲ್ಲ, ಬೋರ್ಡಿಂಗು ಉಳಿಯಿತು. ಅಂದು ಬಂದವರು ಯಾರು ಎಂಬುದು ಇಂದಿಗೂ ನನಗೆ ತಿಳಿದಿಲ್ಲ. ಮಂಜು ಬಿದ್ದ ಮುಂಜಾನೆ ಎಚ್ಚರವಾದರೆ, ಈ ಮುಪ್ಪಿನಲ್ಲೂ ಮೊದಲು ನನ್ನ ಗದ್ದ ಮುಟ್ಟಿ ನೋಡಿಕೊಳ್ಳುತ್ತೇನೆ. ಇನ್ನೂ ಬಿಸಿ ಇರುತ್ತದೆ.